ಸೋಮವಾರ ಫ್ರಿಜ್ಜಿಗೆ ಬೀಗ

ಪಾಠ ಮಾಡಿ ಮಾಡಿ ಗಂಟಲು ಕೆಡಿಸಿಕೊಂಡವಳು ನಾನು. ನಂಜನಗೂಡಿನ ಒಂದು ಕಾಲೇಜಿನಲ್ಲಿ ಜೀವವಿಜ್ಞಾನದ ಮೇಡಂ ಆಗಿದ್ದೆ. ವರ್ಷಕ್ಕೊಮ್ಮೆ ಕಿಣ್ವಗಳ ಪಾಠ ಬಂದಾಗ ಸಿಲಬಸ್ಸಿನಲ್ಲಿ ಇಲ್ಲದ ಒಂದು ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವ ಚಾಳಿ ನನಗಿತ್ತು. ಎಚ್‌ಐವಿ ವೈರಸ್ಸಿನ ಕತ್ತರಿಸುವ ಕಿಣ್ವ ಅದು, ಪ್ರೋಟಿಯೇಸ್ ಎಂದು ಹೆಸರು. ಎರಡು ಸುರುಳಿಗಳನ್ನು ಬಿಳಿ ಚಾಕ್‌ಪೀಸಿನಲ್ಲಿ ಬರೆದು, ನಡುವಿನ ಬಾಯನ್ನು ಕೆಂಪಿನಲ್ಲಿ ತೀಡುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಮೇಡಂ, ಇದು ಪರೀಕ್ಷೆಗೆ ಬತ್ತದಾ?" ಎಂದು ಕೇಳುವುದು ಗ್ಯಾರಂಟಿ. "ಬರಲ್ಲ. ಬಾಯ್ಮುಚ್ಕೊಂಡು ಕೇಳು" ಎನ್ನುತ್ತಿದ್ದೆ. ಈಗ ಆ ಚಿತ್ರ ಬರೆಯುವುದನ್ನು ಬಿಟ್ಟು ಬಹಳ ಕಾಲವಾಯಿತು.

ಅದನ್ನು ನಾನು ಮೊದಲು ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ. ಲೈಬ್ರರಿಯಲ್ಲಿ ಒಂದು ಪತ್ರಿಕೆ ತೆರೆದರೆ ಪುಟದ ತುಂಬ ಆ ಕಿಣ್ವ. ಒಂದೇ ಅಚ್ಚಿನಲ್ಲಿ ಎರೆದಂಥ ಎರಡು ಭಾಗ, ಎದುರುಬದುರು ಕೂತಿದ್ದವು. ಈ ವೈರಸ್ಸು ನಮ್ಮ ಜೀವಕೋಶದೊಳಗೆ ಸೇರಿಕೊಂಡು ತನಗೆ ಬೇಕಾದ ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಮಾಡಿಸುವುದಿಲ್ಲ. ಎಲ್ಲವನ್ನೂ ಒಂದಕ್ಕೊಂದು ಅಂಟಿಸಿದ ಉದ್ದನೆಯ ಸರವಾಗಿ ಮಾಡಿಸುತ್ತದೆ. ಆಮೇಲೆ ಅದನ್ನು ಸರಿಯಾದ ಜಾಗಗಳಲ್ಲಿ ತುಂಡು ಮಾಡಬೇಕು. ಆ ಕೆಲಸ ಈ ಕಿಣ್ವದ್ದು. ವಿಚಿತ್ರವೆಂದರೆ ಕತ್ತರಿಸಬೇಕಾದ ಕಿಣ್ವವೂ ಅದೇ ಸರದಲ್ಲೇ ಸಿಕ್ಕಿಕೊಂಡಿರುತ್ತದೆ. ಅದೂ ಅರ್ಧ ಮಾತ್ರ. ಇನ್ನರ್ಧ ಪಕ್ಕದ ಇನ್ನೊಂದು ಸರದಲ್ಲಿ. ಅರ್ಧಕ್ಕೆ ಯಾವ ಶಕ್ತಿಯೂ ಇಲ್ಲ. ಎರಡು ಅರ್ಧಗಳು ಹತ್ತಿರ ಬಂದು ಅಂಟಿಕೊಂಡಾಗ ನಡುವಿನ ಸಂದಿಯಲ್ಲಿ ಕತ್ತರಿಸುವ ಬಾಯಿ ಹುಟ್ಟುತ್ತದೆ, ಅದರ ಮೇಲೆ ಎರಡು ರೆಪ್ಪೆ ಮುಚ್ಚಿಕೊಳ್ಳುತ್ತವೆ. ಆಹಾ, ಏನು ಚೆಂದ ಎಂದು ಬೆರಗಾಗಿ ನೋಡುತ್ತಾ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೆ. ಅಂಥ ವಯಸ್ಸು.

ಆಗ ನನ್ನ ಅಕ್ಕನಿಗೆ ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. ನಾವು ಹದಿನಾರು ಎಂಬ ಊರಿನವರು, ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಕ್ಕ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ತಿ. ನರಸೀಪುರಕ್ಕೆ ಸೊಸೆಯಾಗಿ ಹೋದಳು. ಬಾವ ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಅವರ ತಾಯಿಯೊಬ್ಬರು. ಮಕ್ಕಳಾಗಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಾವ ತೀರಿಕೊಂಡರು. ಊರಿನವರಿಗೆ ಕಾಮಾಲೆ ಎಂದು ಹೇಳಿದ್ದಾಯಿತು. ಕಾಮಾಲೆಯಲ್ಲ, ಎಚ್‌ಐವಿ. ಅಕ್ಕನ ರಕ್ತ ಪರೀಕ್ಷೆ ಮಾಡಿಸಿದಾಗ ಅವಳಿಗೂ ಅದೇ. ಎಲ್ಲಿಂದ ಬಂತು, ಹೇಗೆ ಬಂತು ಎಂದು ಅಗೆಯುವ ಉಸಾಬರಿ ನನಗೆ ಆಗಲೂ ಬೇಕಿರಲಿಲ್ಲ, ಈಗಲೂ ಬೇಡ. ಬಾವನಿಂದ ಬಂತು, ಬಾವ ಹೋದರು. ವಿಷಯ ಗೊತ್ತಿದ್ದದ್ದು ಮೈಸೂರಿನ ಡಾಕ್ಟರಿಗೆ, ಅಕ್ಕನಿಗೆ, ನನಗೆ. ಅಪ್ಪ ಅಮ್ಮನಿಗೂ ಹೇಳಲಿಲ್ಲ. "ಅತ್ತೆಗೆ ಗೊತ್ತಾದ್ರೆ ಮಗ ಇನ್ನೊಂದ್ಸಲ ಸತ್ತಂಗೆ. ನೀನೇನಾರ ಬಾಯ್ಬುಟ್ರೆ ನನ್ನಾಣೆ" ಎಂದು ಅಕ್ಕ ನನ್ನ ಕೈ ಹಿಡಿದು ತಲೆಯ ಮೇಲಿಟ್ಟುಕೊಂಡಳು.

ಮೊದಲು ಕೊಟ್ಟ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡಿದವು. ರಾಗಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟುಕೊಂಡು, ಅತ್ತೆ ಬಾಗಿಲಿಗೆ ನೀರು ಹಾಕಲು ಹೋದಾಗ ನುಂಗಿಬಿಡುತ್ತಿದ್ದಳು. ಮೈ ಕೈ ತುಂಬಿಕೊಂಡು, "ನಿನಗಿಂತ ನಾನೇ ಚೆನ್ನಾಗಿದೀನಿ ಕಣೇ, ನೋಡು ನಿನ್ ಕೆನ್ನೆ ಒಳ್ಳೆ ಒಣಗಿದ ಬದನೆಕಾಯಿ" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು. ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಆ ಮಾತ್ರೆಗಳಿಗೆ ವೈರಸ್ಸು ಬಗ್ಗದಂತಾಯಿತು. ಅಕ್ಕ ಮತ್ತೆ ಇಳಿಯತೊಡಗಿದಳು. ಡಾಕ್ಟರು ಎರಡನೆಯ ಸಾಲಿನ ಮಾತ್ರೆ ಬರೆದುಕೊಟ್ಟರು. "ಇದನ್ನ ಸರಿಯಾಗಿ ತಗೋಬೇಕಮ್ಮ. ಇದೂ ಕೈಕೊಟ್ರೆ ಆಮೇಲೆ ನನ್ನ ಹತ್ರ ಕೊಡೋಕೆ ಏನೂ ಇಲ್ಲ" ಎಂದು ನೇರವಾಗಿಯೇ ಹೇಳಿದರು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಊಟದ ಜೊತೆಗೇ ತೆಗೆದುಕೊಳ್ಳಬೇಕು. ತಣ್ಣಗಿಡಬೇಕು.

ಚೀಟಿ ನೋಡಿದರೆ ಅದು ನನ್ನ ಕಿಣ್ವದ ಬಾಯಿ ಕಟ್ಟುವ ಮಾತ್ರೆ. ಹಳೆಯ ಪರಿಚಯದವರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದಷ್ಟು ಖುಷಿಯಾಯಿತು ನನಗೆ, ಮಂಕು ಮುಂಡೇದು. ವಾಪಸು ಬರುವ ಬಸ್ಸಿನಲ್ಲಿ ಉಸಿರು ಬಿಡದೆ ಅಕ್ಕನಿಗೆ ವಿವರಿಸಿದೆ.

"ನಿಮ್ಮತ್ತೆ ಅಡಕತ್ತರಿ ಇದೆಯಲ್ಲ, ಹಂಗೆ ಅನ್ಕೋ. ಒಂದು ಕೈ ಕಿತ್ತಿಟ್ರೆ ಅಡಕೆ ಕತ್ತರಿಸಕ್ಕಾಗಲ್ಲ. ಎರಡೂ ಕೈ ಸೇರಿದ್ರೇನೆ ಬಾಯಿ."

"ಸೇರ್ಸೋರು ಯಾರು?"

"ಯಾರೂ ಇಲ್ಲ. ಅಡಕತ್ತರಿಗಾದ್ರೆ ಮೊಳೆ ಇರತ್ತೆ, ಇದಕ್ಕೆ ಅದೂ ಇಲ್ಲ. ತಾವಾಗೇ ಅಂಟ್ಕೊಳ್ತವೆ."

"ಸರದೊಳಗೆ ಸಿಕ್ಕಾಕ್ಕೊಂಡಿರ್ತವೆ ಅಂದ್ಯಲ್ಲ. ಅವನ್ನ ಬಿಡ್ಸೋರು?"

"ತಾವೇ. ಮೊದಲು ಎರಡೂ ಅರೆಬರೆ ಅಂಟ್ಕೊಳ್ತವೆ, ಬಾಯಿನೂ ಅರೆಬರೆಯಾಗೇ ಹುಟ್ಟತ್ತೆ. ಆ ಬಾಯಲ್ಲೇ ತಮ್ಮನ್ನ ತಾವು ಕತ್ತರಿಸ್ಕೊಂಡು ಸರದಿಂದ ಈಚೆಗೆ ಬರ್ತವೆ. ಬಂದ್ಮೇಲೆ ಗಟ್ಟಿಯಾಗಿ ಸೇರ್ಕೊಂಡು ಮಿಕ್ಕಿದ್ದನ್ನೆಲ್ಲ ಚಕಚಕ ಅಂತ ಕತ್ತರಿಸ್ತವೆ."

ಅಕ್ಕ ಕಿಟಕಿಯಾಚೆ ನೋಡುತ್ತಾ, "ಥೂ, ಅದ್ಕಿರೋ ಯೋಗ್ತೆ ನಂಗಿಲ್ವಲ್ಲೇ. ನಾನು ಆ ಮನೇಲಿ ಸಿಕ್ಕಾಕ್ಕೊಂಡು ಎಷ್ಟು ವರ್ಷ ಆಯ್ತು" ಎಂದು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನನಗೂ ನಗು ತಡೆಯಲಿಲ್ಲ. ಮಾತ್ರೆ ಹೋಗಿ ಆ ಬಾಯೊಳಗೆ ಕೂತುಬಿಟ್ಟರೆ ಸರ ತುಂಡಾಗುವುದಿಲ್ಲ, ಹೊಸ ವೈರಸ್ಸು ಹುಟ್ಟಿದರೂ ಹಸಿಹಸಿಯಾಗಿ ಹುಟ್ಟುತ್ತದೆ, ಇನ್ನೊಂದು ಕೋಶವನ್ನು ಹಿಡಿಯುವ ತಾಕತ್ತು ಅದಕ್ಕಿರುವುದಿಲ್ಲ ಎಂದು ಉಳಿದ ಪಾಠವನ್ನೂ ಮುಗಿಸಿದೆ. ಅವಳು, "ಬುಡು ತಾಯಿ, ನುಂಗ್ತೀನಿ" ಎಂದಳು.

ತಣ್ಣಗಿಡಬೇಕು ಎಂಬುದೇ ಪೀಕಲಾಟಕ್ಕೆ ಬಂತು. ಹಿಟ್ಟಿನ ಡಬ್ಬದಲ್ಲಿ ಬಚ್ಚಿಡುವ ಹಾಗಿಲ್ಲ. ಮನೆಯಲ್ಲಿ ಬಾವ ಇದ್ದಾಗ ತಂದ ಹಳೆಯ ಫ್ರಿಜ್ಜಿತ್ತು, ಬಾಗಿಲಿಗೆ ಬೀಗ ಇರುವಂಥದ್ದು. ಹಾಲು, ದೋಸೆ ಹಿಟ್ಟು, ದೇವರಿಗೆಂದು ಬಾಳೆಎಲೆಯಲ್ಲಿ ಸುತ್ತಿಟ್ಟ ಮಲ್ಲಿಗೆಯ ಪಕ್ಕ ಮಾತ್ರೆಯ ಡಬ್ಬಿ ಕೂತಿತು. ಅತ್ತೆ ಅವತ್ತೇ ಕೇಳಿದರು, ಇದೇನೆಂದು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ, ಅವರ ಇನ್ಸುಲಿನ್ನೂ ಅವರ ಮನೆಯ ಫ್ರಿಜ್ಜಿನಲ್ಲೇ ಇರುತ್ತಿತ್ತು. ಅಕ್ಕನಿಗೆ ತಟ್ಟನೆ ಹೊಳೆದದ್ದು ಅದೇ. "ಸಕ್ಕರೆ ಬಂದೈತಂತೆ ಅತ್ತೆ, ಅದ್ರ ಮಾತ್ರೆ" ಎಂದುಬಿಟ್ಟಳು. ಬಾಯಿಗೆ ಬಂದದ್ದು ಹೇಳಿದಳು, ಇನ್ನೇನು ಹೇಳಿಯಾಳು?

ಅಲ್ಲಿಂದ ಶುರುವಾಯಿತು ನೋಡಿ ಆ ಮುದುಕಿಯ ಸೇವೆ. ಮಗನನ್ನು ಕಳೆದುಕೊಂಡಿದ್ದರು, ಸೊಸೆಯನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ. ಬೆಳಿಗ್ಗೆ ಎದ್ದರೆ ಹಾಗಲಕಾಯಿ ರಸ. ಅನ್ನ ಬಂದ್, ಎರಡು ಹೊತ್ತೂ ಮುದ್ದೆ. ಹಬ್ಬದಲ್ಲಿ ಹೋಳಿಗೆ ಬೇಯಿಸುತ್ತಾ, "ನಿಂಗ್ ಬ್ಯಾಡ ಕಣವ್ವ" ಎಂದು ಅಕ್ಕನ ಎಲೆಯಿಂದ ಎತ್ತಿಡುತ್ತಿದ್ದರು. ನಮ್ಮ ಅಕ್ಕ ಸಿಹಿಗೆ ಪ್ರಾಣ ಬಿಡುವವಳು. "ಇಲ್ದಿರೋ ಕಾಯಿಲೆಗೆ ಹಾಗಲಕಾಯಿ ಕುಡ್ದೂ ಕುಡ್ದೂ ನಾಲಿಗೆ ಸತ್ತೋಯ್ತು ಕಣೇ" ಎಂದು ಭಾನುವಾರ ನಾನು ಹೋದಾಗ ಹಿತ್ತಿಲಿಗೆ ಕರೆದುಕೊಂಡು ಹೋಗಿ ದೂರುತ್ತಿದ್ದಳು. ನಾನು ಬ್ಯಾಗಿನಲ್ಲಿ ಮೈಸೂರು ಪಾಕು ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಕೂತು ಗಬಗಬನೆ ತಿನ್ನುತ್ತಿದ್ದಳು.

ಪ್ರತಿ ಭಾನುವಾರ ನರಸೀಪುರ, ವಾರವೆಲ್ಲ ಪಾಠ, ಆಗಾಗ ಅಕ್ಕನ ಜೊತೆ ಮೈಸೂರಿನ ಆಸ್ಪತ್ರೆ. ಬಸ್ಸಿನಲ್ಲಿ ನಿಂತು ನಿಂತು ನನ್ನ ಸೊಂಟ ಬಿದ್ದುಹೋಯಿತು. ಆ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ಸುಸ್ತು. ದುಃಖ ಎಲ್ಲೋ ಆಮೇಲೆ ಬರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ತೂಕಡಿಸಿದರೆ ಅಕ್ಕನೇ ನನ್ನ ತಲೆಯನ್ನು ಭುಜಕ್ಕೆ ಒರಗಿಸಿಕೊಳ್ಳುತ್ತಿದ್ದಳು. ರೋಗಿ ಯಾರು ಎಂದು ನೋಡಿದವರು ಹೇಳುವಂತಿರಲಿಲ್ಲ.

ಹೊಸ ಮಾತ್ರೆಯಿಂದ ಮೊದಮೊದಲು ಗುಣ ಕಂಡಿತು. ಮುಂದಿನ ವರ್ಷ ರಕ್ತದಲ್ಲಿ ವೈರಸ್ಸು ಮತ್ತೆ ಏರಿತ್ತು. ಡಾಕ್ಟರು ಕನ್ನಡಕ ತೆಗೆದಿಟ್ಟು, "ಮಾತ್ರೆ ತಪ್ಪಿಸ್ತಿದ್ದೀರೇನಮ್ಮ?" ಎಂದು ಕೇಳಿದರು.

"ಇಲ್ಲ ಸಾ."

"ಒಂದು ದಿನಾನೂ?"

"ದೇವ್ರಾಣೆಗೂ ಇಲ್ಲ ಸಾ. ಹೇಳಿದಂಗೇ ತಗೊಂಡಿವ್ನಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಡಾಕ್ಟರಿಗೂ ತಿಳಿಯಿತು. ಹಾಗಾದರೆ ತಪ್ಪು ಎಲ್ಲಿದೆ? ನನ್ನ ಅನುಮಾನ ಹೋದದ್ದು ಕರೆಂಟಿನ ಮೇಲೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಫ್ರಿಜ್ಜು ಬೆಚ್ಚಗಾಗಿ ಮಾತ್ರೆ ಕೆಟ್ಟಿರಬೇಕು ಎಂದು ತೀರ್ಮಾನಿಸಿದೆ. ಲೈನ್‌ಮ್ಯಾನ್ ಕಂಡಾಗ ಬೀದಿಯಲ್ಲೇ ಜಗಳಕ್ಕೆ ನಿಂತೆ. "ನನ್ನ ಕೈಲೇನದೆ ಮೇಡಂ, ಮ್ಯಾಲಿಂದ್ಲೇ ಇಲ್ಲ" ಎಂದು ಆ ಪುಣ್ಯಾತ್ಮ ಕೈಮುಗಿದ. ನಂಜನಗೂಡಿನಿಂದ ಐಸು ತುಂಬಿದ ಥರ್ಮಾಸು ಹೊತ್ತುಕೊಂಡು ಹೋದೆ. ಮಾತ್ರೆಯ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿದೆ. ಕಿಣ್ವದ ಬಗ್ಗೆ ಮತ್ತೆ ಓದಿದೆ. ಮಾತ್ರೆ ರಕ್ತದಲ್ಲಿ ಸದಾ ಒಂದು ಮಟ್ಟದಲ್ಲಿ ಇರಬೇಕು, ಇಳಿದರೆ ಬಾಯಿ ತೆರೆದುಕೊಳ್ಳುತ್ತದೆ. ಹಾಗೆ ಮತ್ತೆ ಮತ್ತೆ ತೆರೆದುಕೊಂಡಾಗ, ಬಾಯಿಯ ಆಕಾರ ಒಂಚೂರು ಬೇರೆಯಾದ ವೈರಸ್ಸುಗಳು ಮೇಲುಗೈ ಪಡೆಯುತ್ತವೆ. ಅವುಗಳ ಬಾಯಲ್ಲಿ ಮಾತ್ರೆ ಕೂರುವುದಿಲ್ಲ, ಕತ್ತರಿಸುವ ಕೆಲಸ ಮಾತ್ರ ಸರಾಗವಾಗಿ ನಡೆಯುತ್ತದೆ. ಓದುತ್ತಾ ಓದುತ್ತಾ ಆ ಚಿತ್ರ ಕಂಡರೆ ನನಗೆ ಮೈ ಉರಿಯತೊಡಗಿತು.

ಉತ್ತರಪತ್ರಿಕೆಗಳ ವ್ಯಾಲ್ಯುಯೇಷನ್ ಮುಗಿದ ಮಾರನೆಯ ದಿನ ಸೋಮವಾರ. ರಜವಿತ್ತು. ಹೇಳದೆ ಕೇಳದೆ ನರಸೀಪುರಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಅತ್ತೆ ಮತ್ತು ಅಕ್ಕ ಅಗಸ್ತ್ಯೇಶ್ವರನ ಗುಡಿಗೆ ಹೋಗಿ ಬಂದು ಹಣೆಯ ತುಂಬ ವಿಭೂತಿ ಬಳಿದುಕೊಂಡು ಕೂತಿದ್ದರು. ಒಲೆ ತಣ್ಣಗಿತ್ತು. ನೀರು ಕುಡಿಯೋಣವೆಂದು ಫ್ರಿಜ್ಜಿನ ಬಾಗಿಲು ಎಳೆದರೆ ಬರಲಿಲ್ಲ. ಬೀಗ ಹಾಕಿತ್ತು.

"ಸೋಮ್ವಾರ ನಾನೇ ಬೀಗ ಆಕ್ತೀನಿ ಕಣವ್ವ" ಎಂದು ಅತ್ತೆ ಸೊಂಟದಿಂದ ಬೀಗದ ಕೈ ತೆಗೆದು ತೋರಿಸಿದರು. ಮುಖದಲ್ಲಿ ಹೆಮ್ಮೆ. "ನಿಮ್ಮಕ್ಕನ ಸಕ್ಕರೆ ವಾಸಿಯಾಗ್ಲಿ ಅಂತ ಇಬ್ರೂ ಸೋಮ್ವಾರ ಇಡಿದಿದ್ದೀವಿ. ಬೆಳಿಗ್ಗೆ ಕಾಫಿ, ರಾತ್ರಿಕೆ ಒಂದು ಬಾಳೆಅಣ್ಣು, ಇನ್ನೇನೂ ಇಲ್ಲ. ಪಕ್ಕದ ಮನೆ ಮೇಷ್ಟ್ರು ಸೂಜಿ ಚುಚ್ಕಂಡು ಊಟ ತಡ ಮಾಡಿ ದಬಾರ್ ಅಂತ ಬಿದ್ದೋಗಿದ್ರು, ಗೊತ್ತಾ? ಖಾಲಿ ಒಟ್ಟೇಲಿ ಸಕ್ಕರೆ ಮಾತ್ರೆ ಆಗಾಕಿಲ್ಲ. ಇವಳು ಮರ್ತು ನುಂಗ್ಬುಟ್ಟಾಳು ಅಂತ ಬೀಗ."

ಯಾವಾಗಿನಿಂದ ಎಂದು ಕೇಳಿದೆ. ಮಾತ್ರೆ ಬಂದ ಮೊದಲ ವಾರದಿಂದಲೇ. ವರ್ಷದ ಸೋಮವಾರಗಳೆಲ್ಲ, ಶ್ರಾವಣದ್ದು, ಕಾರ್ತಿಕದ್ದು, ಒಂದೂ ಬಿಡದೆ.

ಅಕ್ಕನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. "ದೇವ್ರಾಣೆ ಒಂದು ದಿನಾನೂ ತಪ್ಪಿಸಿಲ್ಲ ಅಂದ್ಯಲ್ಲೇ! ಬುದ್ಧಿ ಇದ್ಯಾ ನಿಂಗೆ?" ಎಂದು ಪಿಸುಮಾತಿನಲ್ಲೇ ಕಿರುಚಿದೆ.

ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ತಪ್ಪಿಸಿದ್ದೆಲ್ಲಿ? ಊಟದ ಜೊತೆ ತಗೋ ಅಂತ ಡಾಕ್ಟ್ರೇ ಅಂದವ್ರೆ. ಸೋಮವಾರ ಊಟ ಇಲ್ಲ, ಮಾತ್ರೆ ಇಲ್ಲ. ಅದು ತಪ್ಪಿಸಿದ್ದು ಹೆಂಗಾಯ್ತದೆ?"

ನಮ್ಮ ಕಡೆ ವಾರ ಹಿಡಿದವರನ್ನು ಊಟ ತಪ್ಪಿಸಿದರು ಎಂದು ಯಾರೂ ಅನ್ನುವುದಿಲ್ಲ. ಊಟ ತಪ್ಪುವುದು ಬೇರೆ, ವಾರ ಬೇರೆ. ಆ ದಿನ ಲೆಕ್ಕಕ್ಕೇ ಇಲ್ಲ. ಆಸ್ಪತ್ರೆಯವರು ನೂರು ಸಲ ಕೇಳಿದ್ದರೂ ಅವಳು ನೂರು ಸಲವೂ ಅದೇ ಉತ್ತರ ಹೇಳುತ್ತಿದ್ದಳು, ನಿಜವಾಗಿಯೇ ಹೇಳುತ್ತಿದ್ದಳು.

ನಾನು ಅಳುವುದನ್ನು ನೋಡಿ ಅವಳಿಗೆ ಗಾಬರಿಯಾಯಿತು. ಕಲ್ಲಿನ ಮೇಲೆ ಕೂತಳು. "ಆ ಮಾತ್ರೆ ನುಂಗಿದ್ರೆ ಹೊಟ್ಟೆಯೆಲ್ಲ ಕಿವುಚ್ತದೆ ಕಣೇ. ದಿನಾ ಹಿತ್ಲಿಗೆ ಓಡಾಟ. ಸೋಮವಾರ ಒಂದಿನ ನೆಮ್ದಿಯಾಗಿರ್ತಿದ್ದೆ. ವಾರಕ್ಕೊಂದಿನ ರಜ ಸಿಕ್ತದಲ್ಲ ಅಂತ ನಂಗೂ ಖುಷಿನೇ ಆಗಿತ್ತು" ಎಂದಳು, ಮೆಲ್ಲಗೆ.

ಆ ರಜ ಕಿಣ್ವಕ್ಕೂ ಸಿಕ್ಕಿತ್ತು. ಅತ್ತೆಗೆ ಈಗಲೇ ನಿಜ ಹೇಳೋಣ ಎಂದು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು. "ಯಾವ್ದನ್ನೂ ಹೇಳ್ಬ್ಯಾಡ. ಕಾಯಿಲೆ ವಿಷ್ಯನೂ ಬ್ಯಾಡ, ಸೋಮ್ವಾರದ ವಿಷ್ಯ ಮೊದ್ಲೇ ಬ್ಯಾಡ. ನನಗೋಸ್ಕರ ಉಪ್ವಾಸ ಬಿದ್ದವ್ಳೆ ಆ ಮುದ್ಕಿ. ಅದ್ರಿಂದ್ಲೇ ಹಿಂಗಾಯ್ತು ಅಂತ ಗೊತ್ತಾದ್ರೆ ಬದುಕ್ತಾಳಾ ಅವ್ಳು?"

ಅಂದಿನಿಂದ ಭಾನುವಾರವೇ ಸೋಮವಾರದ ಮಾತ್ರೆಯನ್ನು ಥರ್ಮಾಸಿಗೆ ಹಾಕಿಟ್ಟು, ಚಪಾತಿ ಕಟ್ಟಿಟ್ಟು ಬರುತ್ತಿದ್ದೆ. ಅಕ್ಕ ದೇವರಿಗೆ ತಪ್ಪಾಯ್ತು ಎಂದು ಕೆನ್ನೆ ಬಡಿದುಕೊಂಡು, ಹಿತ್ತಿಲಲ್ಲಿ ಕದ್ದು ತಿಂದು ನುಂಗುತ್ತಿದ್ದಳು. ಪ್ರಯೋಜನವಾಗಲಿಲ್ಲ. ವೈರಸ್ಸಿನ ಬಾಯಿ ಅಷ್ಟರಲ್ಲಾಗಲೇ ಬದಲಾಗಿತ್ತು. ಡಾಕ್ಟರ ಬಳಿ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. "ಬೇರೆ ಮಾತ್ರೆ ನಮ್ಮ ದೇಶಕ್ಕೆ ಬರೋ ತನಕ ಇದನ್ನೇ ನುಂಗಲಿ" ಎಂದರು. ಬರುವ ತನಕ ಅಕ್ಕ ಇರಲಿಲ್ಲ. ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು, ಜ್ವರ ಬಿಡಲಿಲ್ಲ, ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಬೆಳಿಗ್ಗೆ ಹೋಗಿಬಿಟ್ಟಳು. ಹೋಗುವ ಹಿಂದಿನ ದಿನ ಮೈಸೂರು ಪಾಕು ಕೇಳಿದ್ದಳು. ನುಂಗಲಾಗಲಿಲ್ಲ, ತುಟಿಗೆ ಸವರಿದೆ.

ಊರಿಗೆಲ್ಲ ಸಕ್ಕರೆ ಕಾಯಿಲೆ ಎಂದೇ ಆಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಅಭ್ಯಾಸಬಲದಿಂದ ಬಸ್ಸು ಹತ್ತಿದೆ. ಅತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. "ಬಾರವ್ವ" ಎಂದು ಪಕ್ಕದಲ್ಲಿ ಕೂರಿಸಿಕೊಂಡು, ಮೊರವನ್ನು ಪಕ್ಕಕ್ಕಿಟ್ಟರು.

"ನಿನ್ನ ಒಂದು ಮಾತು ಕೇಳ್ಬೇಕು ಕಣವ್ವ. ನೀನು ಇದ್ನೆಲ್ಲ ಮಕ್ಳಿಗೆ ಏಳ್ಕೊಡೋಳು. ಮೊನ್ನೆ ಮೇಷ್ಟ್ರ ಎಂಡ್ರು ಅಂದ್ಳು, ಮಾತ್ರೆನ ಒಂದಿನಾನೂ ಬುಡಬಾರದಂತೆ. ನಾನು ಸೋಮ್ವಾರ ಕೊಡ್ತಿರ್ಲಿಲ್ವಲ್ಲ. ಅವತ್ತಿಂದ ಕಣ್ಣಿಗೆ ನಿದ್ದೆ ಅತ್ತಿಲ್ಲ. ನಾನು ಮಾಡಿದ್ದು ಸರಿಯಾ ತಪ್ಪಾ, ಅಷ್ಟು ಏಳ್ಬುಡು."

ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಒಂದು ಕ್ಷಣ ಎಲ್ಲವನ್ನೂ ಕಕ್ಕಿಬಿಡಬೇಕು ಎನಿಸಿತು. ನಿಮ್ಮ ಮಗ, ನಿಮ್ಮ ಬೀಗ, ನಿಮ್ಮ ಹಾಗಲಕಾಯಿ ಎಂದು ಬೊಬ್ಬೆ ಹಾಕಬೇಕು ಎನಿಸಿತು. ಅವರ ಮುಖ ನೋಡಿದೆ.

"ಸರಿಯಾಗೇ ಮಾಡಿದ್ರಿ ಅತ್ತೆಮ್ಮ. ಖಾಲಿ ಹೊಟ್ಟೇಲಿ ಕೊಟ್ಟಿದ್ರೆ ಇನ್ನೂ ಬೇಗ ಹೋಗ್ಬುಡೋಳು. ನೀವಿದ್ದಿದ್ರಿಂದ ಇಷ್ಟು ದಿನ ಇದ್ಲು" ಎಂದೆ.

ಅವರು ಉಸಿರು ಬಿಟ್ಟರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ತಲೆ ಸವರಿ, ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ನಾಲ್ಕು ಕಲ್ಲು ಆರಿಸಿ ಎಸೆದ ಮೇಲೆ ಕೈ ನಿಂತಿತು.

"ಅಂಗಾದ್ರೆ ಇನ್ಯಾಕವ್ವ ಸತ್ಲು ನನ್ ಸೊಸೆ? ವಾರ ತಪ್ಪಿಸ್ಲಿಲ್ಲ, ಪಥ್ಯ ತಪ್ಪಿಸ್ಲಿಲ್ಲ. ಎಲ್ಲಾ ಸರಿಯಾಗಿ ಮಾಡಿದ್ಮೇಲೆ ಯಾಕ್ ಸತ್ಲು?"

"ಗೊತ್ತಿಲ್ಲ ಅತ್ತೆಮ್ಮ."

ಅವರು ನನ್ನನ್ನೇ ನೋಡಿದರು. ಬಯ್ಯಬೇಕೆಂದೇನೂ ಇರಲಿಲ್ಲ, ತುಂಬ ದಣಿದಿದ್ದರು ಅಷ್ಟೆ. "ಅಷ್ಟೊಂದು ಓದಿ ಏನ್ ಬಂತವ್ವ ನಿಂಗೆ" ಎಂದರು.